ಆಯಿಯ ಮುಖ, ಅಕ್ಕನ ಅತ್ತೆಯ ಮೂಗು

ಈ ತಿಂಗಳು ನನ್ನ ಮೂರನೆಯ ರಬ್ಬರು ಮುಗಿಯಿತು. ಕಳೆದುಹೋದದ್ದಲ್ಲ, ಇಲಿ ಕಚ್ಚಿಕೊಂಡು ಹೋದದ್ದೂ ಅಲ್ಲ. ಉಜ್ಜಿ ಉಜ್ಜಿ ಕಡಲೆಕಾಳಿನಷ್ಟಾಗಿ, ಕೊನೆಗೆ ಬೆರಳ ಸಂದಿಯಲ್ಲೇ ಎಲ್ಲೋ ಕಾಣೆಯಾಯಿತು. ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತಿದೆ. ಯಾಕೆಂದರೆ ನಾನು ರಬ್ಬರು ಹಿಡಿಯುವ ಪೈಕಿಯವನೇ ಅಲ್ಲ. ಹೊನ್ನಾವರದ ಬಂದರಿಗೆ ಹೋಗಿ ನಿಂತು ನೋಡಿ, ಹಳೆಯ ದೋಣಿಗಳಲ್ಲಿ ಅರ್ಧಕ್ಕರ್ಧ ದೋಣಿಗಳ ಹೆಸರು ಬರೆದ ಕೈ ಇದು. ಮಾವಿನಕುರ್ವೆಯ ಮುದುಕರನ್ನು ಕೇಳಿ, ದೋಣಿಯ ಮೂತಿಗೆ ನಾನು ಬರೆದ ಕಣ್ಣು ನೋಡಿ ಬಂಗುಡೆ ಮೀನು ಈಜುವುದು ಬಿಟ್ಟು ನಿಲ್ಲುತ್ತಿತ್ತು ಎನ್ನುತ್ತಾರೆ. ಅವರು ಹೇಳದಿದ್ದರೆ ನಾನು ಹೇಳುತ್ತೇನೆ. ಭಟ್ಕಳದ ಪೇಟೆಯಲ್ಲಿ ಬಟ್ಟೆ ಅಂಗಡಿಯಿಂದ ಹಿಡಿದು ಹಲ್ಲಿನ ಡಾಕ್ಟರ ತನಕ ಮೂರು ಭಾಷೆಯಲ್ಲಿ ಬೋರ್ಡು ಬರೆದಿದ್ದೇನೆ. ಅದರಲ್ಲಿ ಒಂದು ಭಾಷೆ ನನಗೆ ಇವತ್ತಿಗೂ ಓದಲು ಬರುವುದಿಲ್ಲ. ಆದರೂ ಒಬ್ಬರೂ ತಪ್ಪು ತೋರಿಸಿಲ್ಲ. ಇಂಥ ಕೈಗೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಶಾಲೆ ಮಕ್ಕಳ ಹಾಗೆ ರಬ್ಬರು ಹಿಡಿಸಿದವಳು ನನ್ನ ಅಕ್ಕ ಗಿರಿಜಕ್ಕ.

ಮೊದಲಿಂದ ಹೇಳುತ್ತೇನೆ. ಮೊದಲಿಂದ ಎಂದರೆ ಫ್ಲೆಕ್ಸ್ ಬಂದು ನನ್ನ ಬೋರ್ಡಿನ ಕೆಲಸ ನಿಂತಲ್ಲಿಂದ. ಸುಮ್ಮನೆ ಕೂರುವ ಸ್ವಭಾವ ನನ್ನದಲ್ಲ. ಸುಮ್ಮನೆ ಕೂತರೆ ಯಾರದ್ದಾದರೂ ಚಪ್ಪಲಿ ಅಡಗಿಸಿಡುತ್ತೇನೆ ಎಂದು ಹೆಂಡತಿ ಸುಮಿತ್ರೆಗೆ ಹೆದರಿಕೆ. ಹಾಗಾಗಿ ಅವಳೇ ಒಂದು ಕಟ್ಟು ದಪ್ಪ ಕಾಗದ ತಂದು ಮುಂದಿಟ್ಟಳು. ನಾನು ನೆನಪಿನಿಂದ ಬರೆಯತೊಡಗಿದೆ. ತಾರಿ ದೋಣಿಯಲ್ಲಿ ಹೊಳೆ ದಾಟುವಾಗ ಯಾರು ಮುಂದೆ ಕೂರುತ್ತಿದ್ದರು, ಯಾರು ಹಿಂದೆ, ಯಾರು ಕೂರದೆ ನಿಂತೇ ದಾಟುತ್ತಿದ್ದರು. ಮದುವೆ ಪಂಕ್ತಿಯಲ್ಲಿ ಯಾರ ಎಲೆಯ ಎದುರು ಬಡಿಸುವವನ ಬೆನ್ನು ಹೆಚ್ಚು ಬಾಗುತ್ತಿತ್ತು. ಬಸ್ಸಿಗೆ ಮೀನಿನ ಬುಟ್ಟಿಯ ಹೆಂಗಸು ಹತ್ತಿದಾಗ ಯಾರ್ಯಾರ ಮೂಗು ಯಾವ ಕಡೆ ತಿರುಗುತ್ತಿತ್ತು, ಅದೇ ಮೂಗುಗಳು ಮಧ್ಯಾಹ್ನ ಊಟದ ಹೊತ್ತಿಗೆ ಅದೇ ಬುಟ್ಟಿಯ ಮೀನಿಗೆ ಹೇಗೆ ಅರಳುತ್ತಿದ್ದವು. ಇವೇ ನನ್ನ ಚಿತ್ರಗಳು. ಕುಮಟೆಯ ಕಾಲೇಜೊಂದರ ಮಾಸ್ತರರು ಅದನ್ನು ನೋಡಿ, "ಇದು ಬರೀ ಚಿತ್ರ ಅಲ್ಲ, ಇದು ಸಮಾಜಶಾಸ್ತ್ರ" ಎಂದರು. ನಾನು ಗಂಭೀರವಾಗಿ ಹೌದು ಎಂದೆ. ಮನೆಗೆ ಬಂದು ಅದು ಎಂತದು ಎಂದು ಸುಮಿತ್ರೆಯನ್ನು ಕೇಳಿದೆ.

"ಊರವ್ರ ಉಸಾಬರಿ ಮಾಡೂದಕ್ಕೆ ಕಾಲೇಜಲ್ಲಿ ಹಂಗೆ ಹೇಳ್ತ್ರು ಕಾಣ್ತದೆ" ಎಂದಳು.

ಆ ಮಾಸ್ತರರು ಕಾಲೇಜಿನ ಹಾಲಿನಲ್ಲಿ ಮೂರು ದಿನ ನನ್ನ ಚಿತ್ರಗಳ ಪ್ರದರ್ಶನ ಇಟ್ಟರು. ಚಿತ್ರ ನೋಡುವುದು ಎಂದರೇನು ಎಂದು ನಮ್ಮವರಿಗೆ ಕಲಿಸುವುದು ಈ ಜನ್ಮದಲ್ಲಿ ಆಗುವ ಕೆಲಸ ಅಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ. ಬಂದವರೆಲ್ಲ ಮೂಗನ್ನು ಗಾಜಿಗೆ ತಾಗಿಸಿ ತಮ್ಮನ್ನು ತಾವು ಹುಡುಕಿದರು. ಸಿಕ್ಕಿದವರು ಹೊಟ್ಟೆ ಎಂತಕ್ಕೆ ಇಷ್ಟು ದೊಡ್ಡದು ಮಾಡಿದ್ದು ಎಂದು ಜಗಳಕ್ಕೆ ಬಂದರು. ಸಿಗದವರು ತಮ್ಮನ್ನು ಬೇಕಂತಲೇ ಬಿಟ್ಟದ್ದು ಎಂದು ಮಾತು ಬಿಟ್ಟರು. ಒಬ್ಬರಂತೂ ಚಿತ್ರದಲ್ಲಿ ತಾವು ಕೂತ ಜಾಗ ಸರಿ ಇಲ್ಲ, ತಾರಿಯಲ್ಲಿ ತಾವು ಯಾವತ್ತೂ ಮುಂದಿನ ಹಲಗೆಯವರು ಎಂದು ಸಾಕ್ಷಿಗೆ ಭಾವನನ್ನು ಕರೆತಂದರು. ಬಣ್ಣ ಹೇಗಿದೆ, ಗೆರೆ ಹೇಗಿದೆ ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ.

ಕೊನೆಯ ದಿನ ಹಿರೇಗುತ್ತಿಯಿಂದ ಗಿರಿಜಕ್ಕ ಬಂದಳು. ಎಪ್ಪತ್ತೊಂಬತ್ತು ವರ್ಷ. ಸೊಸೆ ಲತಾಳ ಕೈ ಹಿಡಿದುಕೊಂಡು ಒಂದೂ ಬಿಡದೆ ಎಲ್ಲ ಚಿತ್ರ ನೋಡಿದಳು. ಒಂದೊಂದರ ಎದುರೂ ನಿಂತು, ಇದು ಇಂಥವಳು, ಇದು ಇಂಥವನ ಹೆಂಡತಿ ಎಂದು ಗುರುತು ಹಿಡಿದಳು. ನಾನು ಎದೆ ಉಬ್ಬಿಸಿಕೊಂಡು ಹಿಂದೆ ನಡೆದೆ. ಕೊನೆಯ ಚಿತ್ರ ಮುಗಿದ ಮೇಲೆ ಅವಳು ಕೇಳಿದ್ದು ಇಷ್ಟೇ:

"ತಮಾ, ಊರಿನ ಹೆಂಗಸ್ರೆಲ್ಲ ಇಲ್ಲಿದ್ದಾರೆ. ಆಯಿ ಎಲ್ಲಿ?"

ಆಯಿ ಎಂದರೆ ನಮ್ಮ ತಾಯಿ. ನನಗೆ ಹದಿನಾಲ್ಕು ತುಂಬುವ ಮೊದಲೇ ತೀರಿಹೋದಳು. ಆಗ ಅಕ್ಕನಿಗೆ ಮದುವೆಯಾಗಿ ಎರಡು ವರ್ಷ. ನಾನು ಏನೋ ತಮಾಷೆ ಮಾಡಿ ಮಾತು ಹಾರಿಸಿದೆ. ಹಾರಿಸುವುದು ನನಗೆ ಗೊತ್ತು. ಆದರೆ ಅಕ್ಕನಿಗೆ ನನ್ನನ್ನು ಗೊತ್ತು. ಮರುವಾರ ಹಿರೇಗುತ್ತಿಗೆ ಬಾ ಎಂದು ಕರೆ ಬಂತು.

ಹೈವೇ ಅಗಲ ಮಾಡುವಾಗ ಅಕ್ಕನ ಹಳೆಯ ಮನೆ ಹೋಗಿ, ಮಗ ಹಿಂದಿನ ಜಾಗದಲ್ಲಿ ಹೊಸ ಮನೆ ಕಟ್ಟಿದ್ದಾನೆ. ಟೈಲ್ಸು ಹಾಕಿದ ಹಾಲು. ಹಾಲಿನ ಗೋಡೆಯ ಮೇಲೆ ಹಳೆಯ ಮನೆಯ ಫೋಟೋಗಳನ್ನೆಲ್ಲ ಸಾಲಾಗಿ ಹಾಕಿದ್ದಾರೆ. ಅಕ್ಕ ನನ್ನನ್ನು ಅದರ ಎದುರಿನ ಕುರ್ಚಿಯಲ್ಲಿ ಕೂರಿಸಿದಳು.

"ಓದು" ಎಂದಳು.

"ಎಂತ ಓದೂದು?"

"ಯಾರ್ಯಾರಿದ್ದಾರೆ, ಹೇಳು."

ಹೇಳಿದೆ. ಅಕ್ಕನ ಮಾವ. ಅಕ್ಕನ ಅತ್ತೆ. ನಮ್ಮ ಭಾವ. ಭಾವನ ಅಣ್ಣ. ಭಾವನ ಅಜ್ಜ, ತಲೆಗೆ ಪೇಟ ಸುತ್ತಿದವರು. ಭಾವನ ಅಣ್ಣನ ಮೆಚ್ಚಿನ ಒಂದು ಎತ್ತು.

"ನಾ ಈ ಮನಿಗೆ ಬಂದು ಅರವತ್ತು ವರ್ಷ ಆತು" ಎಂದಳು ಅಕ್ಕ. "ಇವ್ರ ಎತ್ತಿಗೂ ಗೋಡೆ ಮೇಲೆ ಜಾಗ ಅದೆ. ನನ್ನ ಕಡಿಯವ್ರು ಒಬ್ರಿಲ್ಲ."

ನೋಡಿ, ಇದನ್ನು ನಾನು ಕಸುಬಿನವನಾಗಿ ಮೊದಲೇ ಗಮನಿಸಬೇಕಿತ್ತು. ಸತ್ತವರ ಸಣ್ಣ ಫೋಟೋ ತಂದುಕೊಟ್ಟರೆ ಅದನ್ನು ದೊಡ್ಡದಾಗಿ ಬಣ್ಣದಲ್ಲಿ ಬರೆದುಕೊಡುವ ಕೆಲಸ ಎಷ್ಟು ವರ್ಷ ಮಾಡಿದ್ದೇನೆ. ರೇಷನ್ ಕಾರ್ಡಿನ ಫೋಟೋ ತಂದು, ಅಪ್ಪನಿಗೆ ಒಂದು ಕೋಟು ಹಾಕು ಎನ್ನುತ್ತಿದ್ದರು. ಬದುಕಿದ್ದಾಗ ಅಂಗಿ ಹಾಕಿದ್ದೇ ಅಪರೂಪ. ಅಮ್ಮನನ್ನು ಸ್ವಲ್ಪ ಬೆಳ್ಳಗೆ ಮಾಡು, ಕುತ್ತಿಗೆಗೆ ಎರಡೆಳೆ ಸರ ಹಾಕು ಎನ್ನುತ್ತಿದ್ದರು. ಹೊನ್ನಾವರದ ಒಬ್ಬ ಮಗರಾಯ ತಂದೆಯ ಮೆಳ್ಳೆಗಣ್ಣು ಸರಿ ಮಾಡಿಸಿಕೊಂಡು ಹೋದ. ಮರುದಿನ ಅವನ ತಾಯಿ ಚಿತ್ರ ಹೊತ್ತುಕೊಂಡು ಬಂದು, "ಇದು ಅವ್ರಲ್ಲ. ಅವ್ರು ನನ್ನ ನೋಡೂದಾದ್ರೆ ಬಾಗ್ಲ ಕಡೆ ನೋಡ್ತಿದ್ರು" ಎಂದು ಮೆಳ್ಳೆಗಣ್ಣನ್ನು ವಾಪಸು ಬರೆಸಿಕೊಂಡು ಹೋದಳು. ಭಟ್ಕಳದಲ್ಲಿ ನಾನು ಕೆಲಸ ಮಾಡಿದ ಕೆಲವು ಮನೆಗಳಲ್ಲಿ ಮನುಷ್ಯರ ಚಿತ್ರ ಗೋಡೆಗೆ ಹಾಕುವ ಪದ್ಧತಿಯೇ ಇರಲಿಲ್ಲ. ಅಲ್ಲಿ ಚೆಂದದ ಅಕ್ಷರ, ಸುತ್ತ ಬಳ್ಳಿ ಬರೆದು ಕೊಟ್ಟು ನೆಮ್ಮದಿಯಿಂದ ಚಾ ಕುಡಿದು ಬರುತ್ತಿದ್ದೆ. ಮುಖದ ಜಗಳವೇ ಇಲ್ಲ. ಇಷ್ಟೆಲ್ಲ ಗೋಡೆ ನೋಡಿದವ ನಾನು, ಯಾವ ಮನೆಯ ಗೋಡೆಯಲ್ಲೂ ಸೊಸೆಯ ತಾಯಿಯನ್ನು ನೋಡಿಲ್ಲ ಎಂದು ನನಗೆ ಹೊಳೆದೇ ಇರಲಿಲ್ಲ. ಸಮಾಜಶಾಸ್ತ್ರ ಅಂತೆ.

"ಅದೆಂತ ದೊಡ್ಡ ಕೆಲಸ" ಎಂದೆ ಅಕ್ಕನಿಗೆ. "ಆಯಿನ ನಾನು ಕಣ್ಣು ಮುಚ್ಕಂಡು ಬರೀತೆ. ನಾಳೆ ತಕಾ."

"ಬೇಗ ಬರಿ" ಎಂದಳು ಅಕ್ಕ. ಆಮೇಲೆ ಸೊಸೆ ಒಳಗಿದ್ದಾಳೋ ಎಂದು ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು: "ನಂಗೆ ಆಯಿ ಮುಖ ಹೋಗ್ತದೆ ತಮಾ. ನೆನಪು ಮಾಡೂಕೆ ಹೋದ್ರೆ ನಮ್ಮ ಅತ್ತೆ ಮುಖ ಬತ್ತದೆ."

ನಾನು ನಕ್ಕೆ. ಅವಳು ನಗಲಿಲ್ಲ.

"ದಿನಾ ಬೆಳಿಗ್ಗೆ ಎದ್ದು ಅದ್ನೇ ನೋಡೂದು. ಅರ್ಧ ಆಯುಷ್ಯ ಅದ್ರ ಕೈಲಿ ಬೈಸ್ಕಂಡೆ. ಈಗ ಆಯಿ ಅಂತ ಕಣ್ಣು ಮುಚ್ಚಿದ್ರೆ ಅಲ್ಲೂ ಅದೇ ಬಂದು ಕೂತದೆ. ನಾ ಸಾಯೂದ್ರೊಳಗೆ ಆಯಿನ ಒಂದ್ಸಲ ಸರಿಯಾಗಿ ನೋಡ್ಬೇಕು."

ಇಲ್ಲಿ ಒಂದು ವಿಷಯ ಹೇಳಲೇಬೇಕು. ಆ ಅತ್ತೆಯ ಚಿತ್ರ ಬರೆದವ ನಾನೇ. ಭಾವ ಹೇಳಿ ಬರೆಸಿದ್ದು. ನನ್ನ ಜೀವಮಾನದ ಅತ್ಯುತ್ತಮ ಕೆಲಸಗಳಲ್ಲಿ ಅದೊಂದು. ಗಿಳಿಯ ಕೊಕ್ಕಿನಂಥ ಮೂಗು, ಅದರ ಮೇಲೆ ಬೆಳಕು ಬಿದ್ದ ಮೂಗುಬಟ್ಟು. ಕಣ್ಣು ಹೇಗೆ ಬರೆದಿದ್ದೇನೆ ಎಂದರೆ ನೀವು ಹಾಲಿನ ಯಾವ ಮೂಲೆಯಲ್ಲಿ ನಿಂತರೂ ಅದು ನಿಮ್ಮನ್ನೇ ನೋಡುತ್ತದೆ. ಅಡುಗೆಮನೆಯ ಬಾಗಿಲ ತನಕ ಹಿಂಬಾಲಿಸುತ್ತದೆ. ಬಂದವರೆಲ್ಲ ಹೊಗಳುತ್ತಿದ್ದರು, ನಾನು ಬಹಳ ಕಾಲ ಅದರಿಂದ ಬೀಗಿದ್ದೆ.

"ನೀ ಅದ್ರ ಕಣ್ಣು ಅಷ್ಟು ಚೆಂದ ಬರೀದೇ ಇದ್ರೆ ಆಗ್ತಿತ್ತು" ಎಂದಳು ಅಕ್ಕ. ಇಷ್ಟು ವರ್ಷದಲ್ಲಿ ನನ್ನ ಕೈಚಳಕದ ಬಗ್ಗೆ ಅವಳು ಆಡಿದ ಒಂದೇ ಒಂದು ಮೆಚ್ಚುಗೆಯ ಮಾತು ಅದು.

ಆಯಿಯದು ಒಂದಾದರೂ ಫೋಟೋ ಇಲ್ಲವೇ ಎಂದು ನೀವು ಕೇಳುತ್ತೀರಿ. ಇತ್ತು. ಇರಬೇಕಿತ್ತು. ಅಕ್ಕನ ಮದುವೆಯ ದಿನ ಕುಮಟೆಯಿಂದ ಫೋಟೋದವರು ಬಂದಿದ್ದರು, ಮೂರು ಕಾಲಿನ ಡಬ್ಬಿ, ಕರಿ ಬಟ್ಟೆ ಎಲ್ಲ ಹೊತ್ತುಕೊಂಡು. ಮನೆಯವರೆಲ್ಲ ಚಪ್ಪರದ ಕೆಳಗೆ ಸಾಲಾಗಿ ನಿಂತೆವು. ಅಪ್ಪ, ಅಣ್ಣ, ಮದುಮಕ್ಕಳು, ತುದಿಗೆ ಆಯಿ. ಯಾರೂ ಅಲ್ಲಾಡಬಾರದು, ಉಸಿರು ಹಿಡಿದುಕೊಳ್ಳಿ ಎಂದು ಆ ಮನುಷ್ಯ ಬಟ್ಟೆಯೊಳಗಿಂದ ಕೂಗಿದ. ಅಷ್ಟು ಜನ ಒಟ್ಟಿಗೆ ಉಸಿರು ಹಿಡಿದು ನಿಂತದ್ದನ್ನು ನೋಡಿದರೆ ಹನ್ನೆರಡು ವರ್ಷದ ಯಾವ ಹುಡುಗನಿಗೆ ತಾನೇ ಸುಮ್ಮನಿರಲು ಆಗುತ್ತದೆ? ನಾನು, "ಆಯೀ, ದನ ಪಾಯಸದ ಹಂಡೆಗೆ ಬಾಯಿ ಹಾಕ್ತು" ಎಂದು ಕಿರುಚಿದೆ. ದನವೂ ಇರಲಿಲ್ಲ, ಹಂಡೆ ಒಳಗಿತ್ತು. ಆಯಿ ಓಡಿದಳು. ಡಬ್ಬಿ ಟಕ್ ಎಂದಿತು. ಅವರಲ್ಲಿ ಉಳಿದಿದ್ದದ್ದು ಅದೊಂದೇ ಫಿಲಮು, ಬಸ್ಸಿಗೂ ಹೊತ್ತಾಗಿತ್ತು. ಆ ಫೋಟೋದಲ್ಲಿ ಎಲ್ಲರೂ ಕಲ್ಲಿನ ಹಾಗೆ ನಿಂತಿದ್ದಾರೆ, ನಾನು ಹಲ್ಲು ಬಿಟ್ಟಿದ್ದೇನೆ, ಆಯಿ ನಿಂತ ಜಾಗದಲ್ಲಿ ಒಂದು ಬಿಳಿ ಹೊಗೆ ಇದೆ. ಕೂಗಿದ್ದು ಯಾರು ಎಂದು ನಾನು ಯಾವತ್ತೂ ಬಾಯಿ ಬಿಡಲಿಲ್ಲ. ಅಷ್ಟು ಗದ್ದಲದಲ್ಲಿ ಯಾರಿಗೂ ಗೊತ್ತಾಗಿರಲಿಕ್ಕಿಲ್ಲ ಎಂದುಕೊಂಡಿದ್ದೆ.

ಸರಿ, ಕಾಗದ ಪೆನ್ಸಿಲು ಹಿಡಿದುಕೊಂಡು ಹಿರೇಗುತ್ತಿಯಲ್ಲೇ ಠಿಕಾಣಿ ಹೂಡಿದೆ. ಅಕ್ಕ ಹೇಳುವುದು, ನಾನು ಬರೆಯುವುದು. ಭಟ್ಕಳದಲ್ಲಿರುವ ಅಣ್ಣ ದಾಮಣ್ಣನಿಗೆ ಎಂಬತ್ತೆರಡು. ಮಂಡಿ ನೋವು, ಬರಲಾರ. ಅವನನ್ನು ಲತಾಳ ಮೊಬೈಲಿನಲ್ಲಿ ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಇಟ್ಟೆವು. ಅದು ನಾನು ಮಾಡಿದ ಮೊದಲ ತಪ್ಪು.

"ಆಯಿಗೆ ಬಲಗೆನ್ನೆಲಿ ಮಚ್ಚೆ ಇತ್ತು" ಎಂದ ಅಣ್ಣ.

"ಎಡಗೆನ್ನೆ" ಎಂದಳು ಅಕ್ಕ.

"ಏ ಗಿರಿಜಾ, ನಾ ನಿನಕಿಂತ ಮೂರು ವರ್ಷ ಹೆಚ್ಚು ನೋಡಿದ್ದೆ."

"ನೀ ನೋಡಿದ್ದೆ, ಹೌದು. ಊಟಕ್ಕೆ ಕೂತಾಗ ಬಟ್ಲು ನೋಡಿದ್ದೆ. ಆಯಿನ ಯಾವಾಗ ನೋಡಿದ್ದೆ?"

"ಮಚ್ಚೆ ಇತ್ತನಾ ಇಲ್ಲನಾ, ಅದೊಂದು ಹೇಳಿ" ಎಂದೆ ನಾನು.

"ಇತ್ತು" ಎಂದರು ಇಬ್ಬರೂ. ಆಮೇಲೆ ಅಣ್ಣ ಸ್ವಲ್ಪ ಯೋಚಿಸಿ, "ಅಥವಾ ಅದು ಚಿಕ್ಕಮ್ಮಂಗೆ ಇತ್ತನಾ?" ಎಂದ.

ಆಯಿ ಎತ್ತರ ಎಂದ ಅಣ್ಣ. ಅವನು ನೆಲದಲ್ಲಿ ಹರಿದಾಡುವಾಗಿನ ಎತ್ತರ ಅದು. ಆಯಿ ಗಿಡ್ಡ ಎಂದಳು ಅಕ್ಕ. ಹಣೆ ಅಗಲ ಮಾಡು, ಅಷ್ಟಲ್ಲ, ಕಿರಿದು ಮಾಡು. ಕೆನ್ನೆಯ ಎಲುಬು ಕಾಣಬೇಕು. ಬೇಡ, ಕಂಡರೆ ಉಪವಾಸ ಇದ್ದ ಹಾಗೆ ಕಾಣುತ್ತದೆ, ಅಪ್ಪನಿಗೆ ಅವಮಾನ. ನಗುತ್ತಿರಲಿ. ಛೇ, ಆಯಿ ಎಲ್ಲಿ ನಗುತ್ತಿತ್ತು? ನಗುತ್ತಿತ್ತು, ನಿನ್ನ ಕಂಡರೆ ನಗುತ್ತಿರಲಿಲ್ಲ ಅಷ್ಟೇ. ಒಂದು ದಿನದಲ್ಲಿ ಆಗುತ್ತದೆ ಎಂದದ್ದು ಐದು ದಿನವಾಯಿತು. ಒಂದು ರಬ್ಬರು ಅಲ್ಲೇ ಹೋಯಿತು. ಮಧ್ಯೆ ಲತಾ ಪಾಪ ಸಹಾಯ ಮಾಡುತ್ತೇನೆಂದು, ವರ್ಣನೆ ಹೇಳಿದರೆ ತಾನೇ ಮುಖ ಮಾಡಿಕೊಡುತ್ತದಂತೆ ಎಂದು ಮೊಬೈಲಿನಲ್ಲಿ ಏನೋ ಒತ್ತಿದಳು. ಹೊಳೆಯ ಬಾಯಿಯ ಊರಿನ ಹೆಂಗಸು, ವಯಸ್ಸು ನಲವತ್ತು ಎಂದು ಅದಕ್ಕೆ ಹೇಳಿದಳು. ಅದು ತುಟಿಗೆ ಬಣ್ಣ, ಕಿವಿಗೆ ಜುಮಕಿ ಹಾಕಿ, ಹಿಂದೆ ಸೂರ್ಯನನ್ನು ಮುಳುಗಿಸಿ ಒಬ್ಬಳನ್ನು ತಂದು ನಿಲ್ಲಿಸಿತು.

ಅಕ್ಕ ಕನ್ನಡಕ ಏರಿಸಿ ನೋಡಿ, "ಚೆಂದ ಅದೆ. ಯಾರ ಮನಿಯದು?" ಎಂದು ಕೇಳಿದಳು.

ಆರನೆಯ ದಿನಕ್ಕೆ ಅಣ್ಣನಿಗೆ ಮಾತಾಡಿ ಮಾತಾಡಿ ಗಂಟಲು ಕಟ್ಟಿತು. ಅದರಿಂದ ಬಹಳ ಉಪಕಾರವಾಯಿತು. ಅಕ್ಕ ಒಬ್ಬಳೇ ಹೇಳತೊಡಗಿದಳು. ಆಶ್ಚರ್ಯ ಎಂದರೆ ಈಗ ಅವಳ ಮಾತು ಒಂದೇ ದಾರಿಯಲ್ಲಿ ಹೋಗುತ್ತಿತ್ತು. ಮೂಗು ಸ್ವಲ್ಪ ಬಾಗಲಿ ಎಂದಳು. ಇನ್ನೂ ಸ್ವಲ್ಪ. ಹುಬ್ಬು ಹತ್ತಿರ ತಾ. ಕಣ್ಣಿನ ತುದಿ ಮೇಲಕ್ಕೆ ಎಳಿ. ನನ್ನ ಕೈ ತಾನಾಗಿ ಓಡಿತು. ಅಳಿಸುವ ಕೆಲಸವೇ ಇಲ್ಲ. ಅಕ್ಕನ ಕಣ್ಣಲ್ಲಿ ನೀರು ಬಂತು.

"ಆತು ತಮಾ. ಇದೇ. ಇದೇ ಆಯಿ" ಎಂದಳು.

ಎಷ್ಟು ಸಲೀಸಾಗಿ ಬಂತು ನೋಡಿದಿಯಾ, ಕೈ ಎಂದರೆ ಇದು ಕೈ ಎಂದು ನನ್ನನ್ನು ನಾನೇ ಹೊಗಳಿಕೊಳ್ಳುತ್ತಿರುವಾಗ ಲತಾ ಚಾ ತಂದಳು. ಚಿತ್ರ ನೋಡಿದಳು. ಗೋಡೆ ನೋಡಿದಳು. ಮತ್ತೆ ಚಿತ್ರ ನೋಡಿದಳು. ಒಳ್ಳೆಯ ಮನೆಯ ಹುಡುಗಿ, ದೊಡ್ಡವರ ಮಾತಿಗೆ ಎದುರಾಡುವವಳಲ್ಲ. ಲೋಟ ಕೆಳಗಿಟ್ಟು ಮೆಲ್ಲ ಕೇಳಿದಳು:

"ಮಾವ, ಅಜ್ಜಿದು ಈಗಾಗ್ಲೇ ಒಂದು ಅದೆ ಅಲ್ದಾ? ಇದು ಎಂತಕ್ಕೆ ಇನ್ನೊಂದು?"

ನಾವಿಬ್ಬರೂ ತಲೆ ಎತ್ತಿದೆವು. ಗೋಡೆಯ ಮೇಲಿಂದ ಅಕ್ಕನ ಅತ್ತೆ ನೋಡುತ್ತಿದ್ದಳು. ಕಾಗದದಿಂದಲೂ ಅವಳೇ ನೋಡುತ್ತಿದ್ದಳು. ಅದೇ ಗಿಳಿಮೂಗು. ಮೂಗುಬಟ್ಟಿನ ಮೇಲೆ ಬೆಳಕು ಕೂಡ ಅದೇ ಬದಿಯಿಂದ ಬಿದ್ದಿತ್ತು.

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅತ್ತೆಯನ್ನು ನೋಡಿ ಪ್ರೀತಿಯಿಂದ ಅತ್ತದ್ದು ಅವಳ ಆಯುಷ್ಯದಲ್ಲಿ ಅದೇ ಮೊದಲು. ಅದಕ್ಕೇ ಅವಳಿಗೆ ಹೆಚ್ಚು ಸಿಟ್ಟು ಬಂದದ್ದು ಎಂದು ಕಾಣುತ್ತದೆ.

"ನಾ ಮರ್ತೆ, ಆತು. ಪ್ರಾಯ ಆತು" ಎಂದಳು. "ನೀ ಎಂತಕ್ಕೆ ಮರ್ತೆ? ಕಣ್ಣು ಮುಚ್ಕಂಡು ಬರೀತೆ ಅಂದಿದ್ದೆ. ಊರಿಗೆಲ್ಲ ಕಲಾವಿದ ನೀನು. ಆಯಿ ಮೂಗು ಹೆಂಗಿತ್ತು? ನೀನೇ ಹೇಳು."

ನಾನು ಚಾ ಕುಡಿದೆ. ತಣ್ಣಗಾಗಿತ್ತು. ಮನೆಗೆ ಮರಳಲು ಹೊನ್ನಾವರದ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೆ. ಪಕ್ಕದವರು ನಿದ್ದೆ ಎಂದುಕೊಂಡು ಸರಿದು ಕೂತರು. ನನಗೆ ಆಯಿ ಕಾಣುತ್ತಿದ್ದಳು. ಸ್ಪಷ್ಟವಾಗಿ ಕಾಣುತ್ತಿದ್ದಳು, ಆದರೆ ಹಿಂದಿನಿಂದ. ನೆಲದ ಮೇಲೆ ಕೂತು, ಮೆಟ್ಟುಗತ್ತಿಯ ಹಲಗೆಗೆ ಒಂದು ಕಾಲು ಒತ್ತಿ, ಮೀನು ಹೆಚ್ಚುವ ಬೆನ್ನು. ಬಿಗಿದು ಕಟ್ಟಿದ ತುರುಬು, ಅದರಿಂದ ತಪ್ಪಿಸಿಕೊಂಡು ಕುತ್ತಿಗೆಗೆ ಅಂಟಿದ ನಾಲ್ಕು ಕೂದಲು. ರವಿಕೆಯ ಬಲತೋಳಿಗೆ ಹಾಕಿದ ಬೇರೆ ಬಣ್ಣದ ತೇಪೆ. ಎಡಗಡೆಗಿಂತ ಬಲ ಭುಜ ಒಂದು ಬೆರಳು ಕೆಳಗೆ, ಕೊಡ ಹೊತ್ತು ಹೊತ್ತು ಹಾಗಾದದ್ದು. ಯಾಕೆ ಹೀಗೆ ಎಂದು ಯೋಚಿಸಿದೆ. ನಾನು ಆಯಿಯ ಹತ್ತಿರ ಹೋಗುತ್ತಿದ್ದದ್ದೇ ಹಿಂದಿನಿಂದ. ಹೆಜ್ಜೆ ಸಪ್ಪಳ ಮಾಡದೆ ಹೋಗಿ ಬೆಲ್ಲದ ಡಬ್ಬಿ ತೆಗೆಯುವುದು, ಸೆರಗಿನ ತುದಿಯನ್ನು ಕಂಬಕ್ಕೆ ಕಟ್ಟುವುದು, ಕಿವಿಯ ಹತ್ತಿರ ಕೂಗಿ ಬೆದರಿಸುವುದು. ಎದುರಿಗೆ ನಿಂತಾಗಲೆಲ್ಲ ಸುಳ್ಳು ಹೇಳುತ್ತಿದ್ದೆ. ಸುಳ್ಳು ಹೇಳುವಾಗ ಯಾರು ಮುಖ ನೋಡುತ್ತಾರೆ? ಅವಳ ಕಾಲಿನ ಹೆಬ್ಬೆರಳು ನೋಡಿಕೊಂಡು ನಿಂತಿರುತ್ತಿದ್ದೆ. ಬೇಕಾದರೆ ಅದನ್ನು ಉಗುರಿನ ಸಮೇತ ಬರೆದುಕೊಡುತ್ತೇನೆ. ಹದಿನಾಲ್ಕು ವರ್ಷದಲ್ಲಿ ನಾನು ಆಯಿಯ ಮುಖವನ್ನು ಒಂದು ಸಲವೂ ನೆಟ್ಟಗೆ ನೋಡಲಿಲ್ಲ.

ಇದನ್ನು ಅಕ್ಕನಿಗೆ ಹೇಳುವುದೇ? ಹೇಳಲಿಲ್ಲ. ಬದಲಿಗೆ ನನ್ನ ಹಳೆಯ ಬುದ್ಧಿ ಓಡಿಸಿದೆ. ಅತ್ತೆಯ ಮುಖ ದಿನಾ ಎದುರಿಗಿರುವುದಕ್ಕೆ ಅಲ್ಲವೇ ಈ ತೊಂದರೆ? ಅದನ್ನು ಸ್ವಲ್ಪ ದಿನ ಅಲ್ಲಿಂದ ತೆಗೆದರೆ ಆಯಿ ತಾನಾಗಿ ಬರುತ್ತಾಳೆ. ಮರುದಿನವೇ ವಾಪಸು ಹೋಗಿ, ಚೌಕಟ್ಟಿನ ಮರವನ್ನು ಒರಲೆ ಹುಳ ತಿನ್ನುತ್ತಿದೆ, ರಿಪೇರಿ ಮಾಡಿಕೊಡುತ್ತೇನೆ ಎಂದು ಅಕ್ಕನ ಮಗನಿಗೆ ಹೇಳಿ ಚಿತ್ರ ಇಳಿಸಿದೆ. ಅಕ್ಕನಿಗೆ ಎಲ್ಲ ಗೊತ್ತಾಯಿತು. "ಒರಲೆ ಹೌದು, ನಾ ನೋಡಿದ್ದೆ" ಎಂದು ಮುಖ ಗಂಭೀರ ಮಾಡಿಕೊಂಡು ಸಾಕ್ಷಿ ಹೇಳಿದಳು. ಅತ್ತೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಕೂರಿಸಿಕೊಂಡು ಹೊನ್ನಾವರಕ್ಕೆ ಕರೆತಂದೆ.

ನಮ್ಮ ಮನೆಯಲ್ಲಿ ಅವಳ ವಾಸ ಸುಖವಾಗಿರಲಿಲ್ಲ. ಮೊದಲ ದಿನವೇ ಸುಮಿತ್ರೆ, "ಎಂತದ್ರೀ ಇದು, ನಾ ಸಾರಿಗೆ ಉಪ್ಪು ಹಾಕೂದನ್ನೂ ನೋಡ್ತದೆ" ಎಂದಳು. ಎರಡನೆಯ ದಿನ ಚಿತ್ರವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಳು. ನಾನು ಆ ಹೊತ್ತಿಗೆ ಆಯಿಗಾಗಿ ಎರಡನೆಯ ರಬ್ಬರು ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ್ದೆ. ಗೂಬೆ ಕಣ್ಣಿನ ಆಯಿ, ಅಣ್ಣನ ಮೀಸೆ ತೆಗೆದರೆ ಹೇಗೋ ಹಾಗಿದ್ದ ಆಯಿ, ದೇವಿಯ ಹಾಗೆ ಹೊಳೆಯುವ ಆಯಿ. ಎಲ್ಲ ಬಚ್ಚಲ ಒಲೆಗೆ ಹೋದವು.

ಮೂರು ವಾರ ಕಳೆದ ಮೇಲೆ ಅಕ್ಕನ ಫೋನು ಬಂತು.

"ತಮಾ, ಅತ್ತೆನ ವಾಪಸ್ ತಂದು ಹಾಕು."

"ಎಂತಾತು? ಆಯಿ ಬಂತನಾ?"

"ಇಲ್ಲ" ಎಂದಳು. "ಈಗ ಅತ್ತೆದೂ ಹೋಗ್ತಾ ಅದೆ. ಬೆಳಿಗ್ಗೆ ಎದ್ರೆ ಗೋಡೆ ಮೇಲೆ ಒಂದು ಬಿಳಿ ಚೌಕ. ಬೈಕಂಬೂಕೂ ಒಂದು ಮುಖ ಇಲ್ಲ. ಎರಡನ್ನೂ ಕಳ್ಕಂಬೂದು ಎಂತಕ್ಕೆ? ಅದಾದ್ರೂ ಇರ್ಲಿ, ತಂದು ಹಾಕು."

ಹಿರೇಗುತ್ತಿಗೆ ಹೋಗಿ ಅತ್ತೆಯನ್ನು ಅದೇ ಮೊಳೆಗೆ ತೂಗುಹಾಕಿದೆ. ಅಕ್ಕ ಎದುರಿನ ಕುರ್ಚಿಯಲ್ಲಿ ಕೂತು ನೋಡಿದಳು. ಆಯಿಯ ಮಾತು ಎತ್ತಲೇ ಇಲ್ಲ. ಅವಳು ಬೈದಿದ್ದರೆ ನಾನು ಹೇಗಾದರೂ ತಪ್ಪಿಸಿಕೊಳ್ಳುತ್ತಿದ್ದೆ. ಏನೂ ಹೇಳದೆ ಕೂತವಳ ಎದುರು ನನಗೆ ನಿಲ್ಲಲಾಗಲಿಲ್ಲ. ಹೇಳಿಬಿಟ್ಟೆ. ಚಪ್ಪರದ ಕೆಳಗೆ ಕೂಗಿದ್ದು ನಾನು, ದನ ಇರಲಿಲ್ಲ, ಆ ಫೋಟೋ ಹಾಳು ಮಾಡಿದ್ದು ನಾನು ಎಂದೆ.

"ಗೊತ್ತು" ಎಂದಳು.

"ಯಾರು ಹೇಳಿದ್ದು?"

"ಹೇಳೂದು ಎಂತಕ್ಕೆ? ಫೋಟೋ ನೋಡು. ಎಲ್ರೂ ಸತ್ತವ್ರ ಹಂಗೆ ನಿಂತಿದ್ದಾರೆ. ನೀ ಒಬ್ಬ ಹಲ್ಲು ಕಿಸ್ಕಂಡಿದ್ದೆ."

ಅರವತ್ತು ವರ್ಷ ನಾನು ಕಾಪಾಡಿಕೊಂಡು ಬಂದ ಗುಟ್ಟಿನ ಗತಿ ಇದು. ಆಮೇಲೆ ಉಳಿದದ್ದನ್ನೂ ಹೇಳಿದೆ. ಮುಖ ನನಗೂ ನೆನಪಿಲ್ಲ, ಮೊದ್ಲಿಂದ್ಲೂ ಇರ್ಲಿಲ್ಲ, ಕಣ್ಣು ಮುಚ್ಕಂಡು ಬರೀತೆ ಅಂದಿದ್ದು ಬರೀ ಬಡಾಯಿ, ನಂಗೆ ಆಯಿಯ ಬೆನ್ನು ಬಿಟ್ರೆ ಬೇರೆ ಎಂತದೂ ಗೊತ್ತಿಲ್ಲ ಎಂದೆ.

ಅಕ್ಕ ನನ್ನ ಕಡೆ ತಿರುಗಿದಳು. "ಬಲ ಭುಜ ಕೆಳಗಿತ್ತು ಅಲ್ದಾ?"

"ಒಂದು ಬೆರಳು."

"ತೋಳಿಗೆ ತೇಪೆ."

"ನೀಲಿದು."

"ಹಸ್ರು" ಎಂದಳು. ಆಮೇಲೆ ಕಣ್ಣು ಮುಚ್ಚಿ ಕೂತಳು. ಕಣ್ಣು ತೆರೆಯದೆ ಹೇಳಿದಳು: "ಬತ್ತದೆ ತಮಾ. ಹಿಂದಿಂದ ಬತ್ತದೆ. ಇದು ಅತ್ತೆ ಅಲ್ಲ. ಅತ್ತೆ ನಂಗೆ ಯಾವತ್ತೂ ಬೆನ್ನು ತೋರ್ಸಿದ್ದಿಲ್ಲ. ಬರಿ. ಅದ್ನೇ ಬರಿ."

ಬರೆಯುವುದಾದರೂ ಹೇಗೆ? ಬೆನ್ನಿನ ಚಿತ್ರ ಬರೆಸಿಕೊಂಡವರು ಈ ಮೂರು ತಾಲೂಕಿನಲ್ಲಿ ಯಾರಿದ್ದಾರೆ? ಊರವರು ನನ್ನ ತಲೆ ಕೆಟ್ಟಿದೆ ಎನ್ನುತ್ತಾರೆ ಎಂದು ಗೊಣಗಿಕೊಂಡೇ ಕೂತೆ. ಒಂದು ಬೆಳಗಿನಲ್ಲಿ ಮುಗಿಯಿತು. ರಬ್ಬರು ಮುಟ್ಟಲಿಲ್ಲ. ತೇಪೆಗೆ ಹಸಿರು ಹಾಕಿದೆ. ಅಕ್ಕ ಏನೂ ತಿದ್ದಲಿಲ್ಲ. ಅಣ್ಣನಿಗೆ ಮೊಬೈಲಿನಲ್ಲಿ ಕಳಿಸಿದೆವು. ಅವನು ಫೋನು ಮಾಡಿ, ಮಚ್ಚೆ ಯಾವ ಕೆನ್ನೆಗೆ ಎಂದು ಇನ್ನು ಜಗಳ ಇಲ್ಲ ಅಲ್ಲವೇ ಎಂದು ಕೇಳಿ, ಮೂಗು ಸುರ್ರೆಂದು ಎಳೆದು ಇಟ್ಟುಬಿಟ್ಟ.

ಗಾಜು ಹಾಕಿಸಿ, ಅತ್ತೆಯ ಪಕ್ಕದಲ್ಲೇ ಮೊಳೆ ಹೊಡೆದು ತೂಗುಹಾಕಿದ ದಿನ ಹೊಸ ತರಲೆ ಎದ್ದಿತು. ನಮ್ಮಲ್ಲಿ ಸತ್ತವರ ಫೋಟೋ ಗೋಡೆಗೆ ಏರಿದರೆ ಗಾಜಿನ ಮೇಲೆ, ಹಣೆ ಇರುವಲ್ಲಿ, ಕುಂಕುಮದ ಬೊಟ್ಟು ಇಡಬೇಕು. ಲತಾ ಕುಂಕುಮದ ಭರಣಿ ಹಿಡಿದುಕೊಂಡು ಚಿತ್ರದ ಎದುರು ನಿಂತು ಅತ್ತ ಇತ್ತ ನೋಡಿದಳು.

"ಅತ್ತೆ, ಎಲ್ಲಿ ಇಡೂದು?"

ನನಗೆ ರೇಗಿತು. ಎಷ್ಟು ಚಿತ್ರ ಬರೆದರೂ ಇವರಿಗೆ ಬೇಕಾದದ್ದು ಹಣೆ. ಅಕ್ಕ ಸ್ವಲ್ಪ ಯೋಚಿಸಿ, ಹಿತ್ತಲಿಂದ ನಾಲ್ಕು ಅಬ್ಬಲಿಗೆ ಹೂ ಕೊಯ್ದು ತಾ, ಒಂದು ಚಮಚ ಅನ್ನ ತಾ ಎಂದು ಸೊಸೆಯನ್ನು ಕಳಿಸಿದಳು. ಸ್ಟೂಲು ಎಳೆದುಕೊಂಡಳು. ಮಗ ಬೇಡ ಬೇಡ ಎಂದರೂ ಕೇಳದೆ ಹತ್ತಿದಳು. ಬೆರಳಿನಿಂದ ಅನ್ನದ ಅಗುಳನ್ನು ಗಾಜಿಗೆ ತಿಕ್ಕಿ, ಅದರ ಮೇಲೆ ಒಂದೊಂದೇ ಹೂವನ್ನು ಒತ್ತತೊಡಗಿದಳು. ತುರುಬಿನ ಸುತ್ತ, ಸಾಲಾಗಿ.

"ಅಕ್ಕಾ, ಗಾಜಿಗೆ ಕಲೆ ಬೀಳ್ತದೆ" ಎಂದೆ. "ಅಂಟು ಒಣಗಿದ್ರೆ ತೆಗೆಯೂಕಾಗೂದಿಲ್ಲ. ನಾ ಕಷ್ಟ ಪಟ್ಟು ಬರ್ದಿದ್ದು."

ಅವಳು ತಿರುಗಲಿಲ್ಲ. "ನೀ ಸ್ಟೂಲು ಹಿಡ್ಕ" ಎಂದಳು. ಆಮೇಲೆ ಸಣ್ಣ ದನಿಯಲ್ಲಿ, ನನಗಲ್ಲ, "ಆತು ಆಯಿ, ಇನ್ನೊಂದೇ ಹೂ. ತಲೆ ಅಲ್ಲಾಡಿಸ್ಬೇಡ" ಎಂದಳು.

ನಾನು ಸ್ಟೂಲು ಹಿಡಿದುಕೊಂಡೆ. ಹಿಂದಿನಿಂದ ನನಗೆ ಕಾಣುತ್ತಿದ್ದದ್ದು ಅಕ್ಕನ ಬೆನ್ನು, ಬೆಳ್ಳಗಾದ ಜಡೆ, ಕನ್ನಡಕದ ದಾರ. ಸ್ಟೂಲಿನಿಂದ ಒಂದು ಕೈ ತೆಗೆಯದೆ ಪಕ್ಕಕ್ಕೆ ಸರಿದು, ಕುತ್ತಿಗೆ ಉದ್ದ ಮಾಡಿ ಅವಳ ಮುಖ ನೋಡಿದೆ.

"ಎಂತ ನೋಡ್ತೆ?" ಎಂದಳು.

"ಎಂತಿಲ್ಲ" ಎಂದೆ. ಮತ್ತೂ ನೋಡಿದೆ.